ಸವಾರೊ ನೋಡುವಾಗ ಪಕ್ಕದ ಮರದ ಬುಡವನ್ನೂ ನೋಡಿ

ಪ್ರಶ್ನೆ: ನಿವೃತ್ತನಾದ ಮೇಲೆ ತಾರಸಿಯ ಕುಂಡಗಳಲ್ಲಿ ಕಳ್ಳಿಗಳನ್ನು ಬೆಳೆಸುತ್ತಿದ್ದೇನೆ. ಮೇ ಕೊನೆಯ ವಾರ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿರುವ ಮಗಳ ಮನೆಗೆ ಹೋಗುವವನಿದ್ದೇನೆ. ಅಲ್ಲಿನ ಸವಾರೊ ರಾಷ್ಟ್ರೀಯ ಉದ್ಯಾನಕ್ಕೆ ಯಾವ ಹೊತ್ತಿಗೆ ಹೋಗಬೇಕು, ಏನನ್ನು ಗಮನಿಸಬೇಕು? ಸಸಿಯನ್ನೋ ಬೀಜವನ್ನೋ ತರಬಹುದೇ? ನಮ್ಮ ಹೊಲದ ಬೇಲಿಯ ಕಳ್ಳಿಗೂ ಇದಕ್ಕೂ ನಂಟಿದೆಯೇ?
— ಓದುಗರು, ದಾವಣಗೆರೆ

ಉತ್ತರ: ನೀವು ಒಳ್ಳೆಯ ಸಮಯಕ್ಕೇ ಹೋಗುತ್ತಿದ್ದೀರಿ. ಟೂಸಾನ್ ಸುತ್ತಲಿನ ಸೊನೋರ ಮರುಭೂಮಿಯಲ್ಲಿ ಸವಾರೊ, ಅಂದರೆ ತೋಳು ಚಾಚಿದಂಥ ಕೊಂಬೆಗಳ ಆ ದೈತ್ಯ ಕಳ್ಳಿ, ಹೂ ಬಿಡುವುದು ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ. ಬಿಳಿಯ ಮೇಣದಂಥ ಆ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಬಾವಲಿಗಳೂ ಬೆಳಗಿನಲ್ಲಿ ಜೇನ್ನೊಣ ಮತ್ತು ಬಿಳಿರೆಕ್ಕೆಯ ಪಾರಿವಾಳಗಳೂ ಅದರ ಪರಾಗಸ್ಪರ್ಶಕ್ಕೆ ನೆರವಾಗುತ್ತವೆ. ಆದ್ದರಿಂದ ಸೂರ್ಯೋದಯಕ್ಕೇ ಅಲ್ಲಿರಬೇಕು, ಬಿಸಿಲೇರುವ ಮುನ್ನ ಮರಳಬೇಕು. ಹೂಗಳು ಕಾಂಡದ ಮತ್ತು ತೋಳುಗಳ ತುದಿಯಲ್ಲಿ, ಬಹಳ ಎತ್ತರದಲ್ಲಿ ಇರುವುದರಿಂದ ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ.

ಉದ್ಯಾನವು ಟೂಸಾನ್ ನಗರದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಭಾಗವಾಗಿ ಹರಡಿಕೊಂಡಿದೆ. ಎರಡನ್ನೂ ಒಂದೇ ದಿನ ಕಾರಿನಲ್ಲಿ ಸುತ್ತಿ ಬರುವವರಿದ್ದಾರೆ. ನನ್ನ ಸಲಹೆ ಬೇರೆ: ಒಂದೇ ಭಾಗಕ್ಕೆ ಹೋಗಿ, ಕಾಲುದಾರಿಯ ಬದಿಯಲ್ಲಿ ಒಂದೆರಡು ಗಿಡಗಳ ಎದುರೇ ಬೆಳಗನ್ನು ಕಳೆಯಿರಿ.

ಹಾಗೆ ನಿಂತಾಗ ಮೊದಲು ಗಮನಿಸಬೇಕಾದದ್ದು ದೈತ್ಯ ಸವಾರೊವನ್ನಲ್ಲ, ಹಸಿರು ತೊಗಟೆಯ ಪಾಲೊ ವರ್ದೆ ಮರದ ಬುಡವನ್ನು. ಬಿಸಿಲು, ಚಳಿಗಾಲದ ಹಿಮ ಮತ್ತು ಮೆಲ್ಲುವ ಪ್ರಾಣಿಗಳಿಂದ ಸವಾರೊ ಸಸಿಯನ್ನು ಕಾಪಾಡುವುದು ಇಂಥ ಮರಗಳ ನೆರಳೇ. ಸಸ್ಯವಿಜ್ಞಾನಿಗಳು ಇವುಗಳನ್ನು ದಾದಿಮರಗಳೆಂದೇ ಕರೆಯುತ್ತಾರೆ. ಮೊದಲ ಎಂಟು ವರ್ಷಗಳಲ್ಲಿ ಸಸಿ ಬೆಳೆಯುವುದು ಬರಿಯ 2.5ರಿಂದ 4 ಸೆಂ.ಮೀ. ಆಗಿರುವುದರಿಂದ, ಒಣ ಹುಲ್ಲಿನ ನಡುವೆ ಗೋಲಿಯಷ್ಟಿರುವ ಆ ಮುಳ್ಳಿನ ಉಂಡೆ ಕಣ್ಣಿಗೆ ಬೀಳಲು ತಾಳ್ಮೆ ಬೇಕು. ಹೂ ಬಿಡಲು ಸುಮಾರು 35 ವರ್ಷ, ಮೊದಲ ತೋಳು ಮೂಡಲು 50ರಿಂದ 70 ವರ್ಷ ಹಿಡಿಯುತ್ತದೆ. ದೊಡ್ಡ ಸವಾರೊದ ಬುಡದಲ್ಲಿ ಒಣಗಿದ ಮರದ ಮೋಟು ಕಂಡರೆ, ಒಂದು ಕಾಲದಲ್ಲಿ ಅದಕ್ಕೆ ನೆರಳಾಗಿದ್ದ ಮರ ಅದೇ ಇರಬಹುದು. ಪೂರ್ವ ಭಾಗದಲ್ಲಿ ಹಿಂದೆ ಸುಣ್ಣದ ಗೂಡುಗಳ ಸೌದೆಗೆಂದು ಇಂಥ ಮರಗಳನ್ನು ಕಡಿದದ್ದೂ ದನಗಳು ಸಸಿಗಳನ್ನು ತುಳಿದದ್ದೂ ಅಲ್ಲಿ ಹೊಸ ಸವಾರೊಗಳು ಏಳದಂತೆ ಮಾಡಿದ ಕಾರಣಗಳಲ್ಲಿ ಸೇರಿವೆ. ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಎಳೆಯವು ಮತ್ತೆ ಕಾಣಿಸಿಕೊಂಡವಾದರೂ 1990ರ ದಶಕದಿಂದೀಚೆಗೆ ಬರಗಾಲದಿಂದ ಮೊಳೆತು ಉಳಿಯುವ ಸಸಿಗಳು ವಿರಳವಾಗಿವೆ.

ಬಳಿಕ ಕಾಂಡದತ್ತ ಬನ್ನಿ. ಅದರ ಉದ್ದುದ್ದ ಮಡಿಕೆಗಳು ಮಳೆಯ ನಂತರ ಉಬ್ಬಿ, ಒಣ ತಿಂಗಳುಗಳಲ್ಲಿ ಹಾರ್ಮೋನಿಯಂ ತಿದಿಯಂತೆ ಕುಗ್ಗುತ್ತವೆ. ಮೇ ಕೊನೆಗೆ ಅವು ಸಾಕಷ್ಟು ಕುಗ್ಗಿರುತ್ತವೆ. ಕಾಂಡದಲ್ಲಿ ಕಾಣುವ ದುಂಡನೆಯ ತೂತುಗಳು ಗಿಲಾ ಮರಕುಟಿಗದ ಕೆಲಸ. ಗಾಯದ ಸುತ್ತ ಗಿಡವು ಗಟ್ಟಿ ಪೊರೆ ಕಟ್ಟಿಕೊಳ್ಳುವುದರಿಂದ ನೀರು ಸೋರುವುದಿಲ್ಲ, ಮತ್ತು ಮರಕುಟಿಗ ಬಿಟ್ಟುಹೋದ ಪೊಟರೆಗೆ ಪುಟ್ಟ ಎಲ್ಫ್ ಗೂಬೆ ಸೇರಿಕೊಳ್ಳುತ್ತದೆ. ಪ್ರವಾಸ ಜೂನ್ ಕೊನೆಯವರೆಗೆ ಲಂಬಿಸಿದರೆ ಹಣ್ಣುಗಳನ್ನೂ ಕಾಣಬಹುದು. ಬಿರಿದ ಹಣ್ಣಿನ ಕೆಂಪು ಸಿಪ್ಪೆಯನ್ನು ದೂರದಿಂದ ಹೂವೆಂದೇ ತಿಳಿಯುವವರಿದ್ದಾರೆ. ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನರು ಸತ್ತ ಸವಾರೊದ ಒಳಗಿನ ಕಟ್ಟಿಗೆಯ ದೋಟಿಯಿಂದಲೇ ಆ ಹಣ್ಣನ್ನು ಇಳಿಸಿ ಪಾಕ ಕಾಯಿಸುತ್ತಾರೆ.

ಚೋಯಾ ಎಂಬ ಕಳ್ಳಿಯಿಂದ ದೂರವಿರಿ. ಅದರ ತುಂಡುಗಳು ಸ್ವಲ್ಪ ತಾಗಿದರೂ ಕಳಚಿ ಬಟ್ಟೆಗೆ, ಚರ್ಮಕ್ಕೆ ಕಚ್ಚಿಕೊಳ್ಳುತ್ತವೆ. ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಅಂಟುತ್ತವೆ. ಜೇಬಿನಲ್ಲಿರುವ ಬಾಚಣಿಗೆಯಿಂದ ಎಬ್ಬಿಸಿ ದೂರಕ್ಕೆ ಹಾರಿಸಬೇಕು. ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷದ ಬುಡುಬುಡಿಕೆ ಹಾವುಗಳು (ರ‍್ಯಾಟಲ್‌ಸ್ನೇಕ್) ನೆರಳಲ್ಲಿ ಮಲಗಿರುವುದರಿಂದ ಮರದ ಬುಡಕ್ಕೆ ಕೈ ಹಾಕದೆ ನಿಂತಲ್ಲಿಂದಲೇ ನೋಡಿ.

ಸಸಿ, ಬೀಜ ಎರಡನ್ನೂ ತರಬೇಡಿ. ಉದ್ಯಾನದಿಂದ ಏನನ್ನೂ ಕೀಳುವಂತಿಲ್ಲ; ಕಳ್ಳತನ ತಡೆಯಲು ಅಲ್ಲಿ ಕೆಲವು ಸವಾರೊಗಳೊಳಗೆ ಮೈಕ್ರೋಚಿಪ್‌ಗಳನ್ನೇ ಸೇರಿಸಲಾಗಿದೆ. ಇದರ ಜೊತೆಗೆ ಕಳ್ಳಿಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಅಪಾಯದಂಚಿನ ಜೀವಿಗಳ ವ್ಯಾಪಾರವನ್ನು ಹದ್ದಿನಲ್ಲಿಡುವ ಸೈಟಿಸ್ ಒಪ್ಪಂದದ ನಿಯಂತ್ರಣವೂ ಭಾರತಕ್ಕೆ ಗಿಡ ತರಲು ಸಸ್ಯ ಸಂಗರೋಧ (ಕ್ವಾರಂಟೈನ್) ನಿಯಮಗಳೂ ಇವೆ.

ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಬೇಲಿಯಲ್ಲಿ ಯಾವ ಕಳ್ಳಿ ಇದೆ ಎಂಬುದನ್ನು ಅವಲಂಬಿಸಿದೆ. ಚಪ್ಪಟೆ ಹಲಗೆಗಳ ಪಾಪಾಸುಕಳ್ಳಿಯಾದರೆ ಅದು ಸವಾರೊದ ಬಳಗದ್ದೇ. ಅಮೆರಿಕ ಖಂಡದಿಂದ ಬಂದ ಗಿಡ, ಮತ್ತು ಅದರ ಹತ್ತಿರದ ಸಂಬಂಧಿಗಳನ್ನು ನೀವು ಆ ಉದ್ಯಾನದಲ್ಲೇ ಕಾಣುವಿರಿ. ಎಲೆಗಳ್ಳಿಯಂಥ ಹಾಲು ಒಸರುವ ಗಿಡವಾದರೆ ಅದು ಯೂಫೋರ್ಬಿಯಾ, ಅಂದರೆ ಹರಳೆಣ್ಣೆ ಗಿಡದ ಕುಟುಂಬದ್ದು, ಸವಾರೊದ ಬಳಗದ್ದಲ್ಲ. ಸವಾರೊ ಬಳಗದ ಕಳ್ಳಿಗಳಲ್ಲಿ ಮುಳ್ಳುಗಳು ನವಿರಾದ ತುಪ್ಪಳದ ಸಣ್ಣ ಮೆತ್ತೆಯೊಂದರಿಂದ ಗೊಂಚಲಾಗಿ ಹೊರಡುತ್ತವೆ. ಯೂಫೋರ್ಬಿಯಾದಲ್ಲಿ ಆ ಮೆತ್ತೆ ಇರುವುದಿಲ್ಲ. ಭೂತಗನ್ನಡಿ ಹಿಡಿದು ಇದನ್ನು ನೋಡಿದರೆ ಸಾಕು, ಕಾಂಡ ಮುರಿದು ಪರೀಕ್ಷಿಸಬೇಡಿ. ಆ ಹಾಲು ಕಣ್ಣಿಗೆ ಸಿಡಿದರೆ ಅಪಾಯ.