ತಡವಾಗಿ ಬರೆದ ನೆನಪನ್ನು ಎಷ್ಟು ನಂಬಬೇಕು?

ಮಾನ್ಯರೇ,

ಮೊದಲ ಮಹಾಯುದ್ಧದ ಕಾಲದಲ್ಲಿ ಒಟ್ಟೊಮನ್ ತುರ್ಕಿ ಸಾಮ್ರಾಜ್ಯ ನಡೆಸಿದ ಆರ್ಮೇನಿಯನ್ ನರಮೇಧದಲ್ಲಿ ಬದುಕುಳಿದು ಪರದೇಶಗಳಲ್ಲಿ ನೆಲೆ ಕಂಡವರ ಆತ್ಮಕಥನಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ, ಇತಿಹಾಸದ ನಿವೃತ್ತ ಅಧ್ಯಾಪಕರಾದ ತಾವು ಎತ್ತಿರುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. 1915ರಲ್ಲಿ ಐದಾರು ವರ್ಷದ ಮಕ್ಕಳಾಗಿದ್ದವರು ಮುಪ್ಪಿನಲ್ಲಿ ಕುಳಿತು ಬರೆದದ್ದನ್ನು ಸಾಕ್ಷ್ಯವೆಂದು ಒಪ್ಪುವುದು ಹೇಗೆ, ಇಂಥ ಲೇಖನಗಳ ಕೊನೆಗೆ ‘ಇವು ನೆನಪುಗಳೇ ಹೊರತು ಇತಿಹಾಸವಲ್ಲ’ ಎಂಬ ಟಿಪ್ಪಣಿಯನ್ನಾದರೂ ಹಾಕಬಾರದೇ ಎಂದು ಕೇಳಿದ್ದೀರಿ.

ಎಲ್ಲರೂ ತಡವಾಗಿ ಬರೆದರೆಂಬುದು ಮೊದಲಿಗೇ ಸರಿಯಲ್ಲ. 1915ರ ಏಪ್ರಿಲ್ 24ರಂದು ಒಟ್ಟೊಮನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಂಧಿತರಾದ ಆರ್ಮೇನಿಯನ್ ಗಣ್ಯರಲ್ಲಿ ಪಾದ್ರಿ ಗ್ರಿಗೋರಿಸ್ ಬಲಾಕಿಯನ್ ಒಬ್ಬರು. ಗಡೀಪಾರಿನ ದಾರಿಯಲ್ಲಿ, ಯೋಜ್‌ಗಾತ್‌ನ ಪೊಲೀಸ್ ಪಡೆಯ ಕ್ಯಾಪ್ಟನ್ ಶುಕ್ರಿ ಎಂಬಾತ ಕುದುರೆಯ ಮೇಲೆ ಅವರ ಜೊತೆಜೊತೆಗೇ ಸಾಗುತ್ತ, ಈ ಪಾದ್ರಿಯೂ ಹೇಗೂ ಉಳಿಯುವವನಲ್ಲ ಎಂಬ ನಂಬಿಕೆಯಿಂದ, ತನ್ನ ಕೈಕೆಳಗೆ ನಡೆದ ಕಗ್ಗೊಲೆಗಳನ್ನು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಕೊಂಡ. ಮುಂದೆ ಮಾರ್ಸೇಲ್‌ನಲ್ಲಿ ಬಿಷಪ್ ಆದ ಬಲಾಕಿಯನ್, ಈ ಮಾತುಕತೆಯಿರುವ ಮೊದಲ ಸಂಪುಟವನ್ನು 1922ರಲ್ಲೇ ವಿಯೆನ್ನಾದಲ್ಲಿ ಆರ್ಮೇನಿಯನ್ ಭಾಷೆಯಲ್ಲಿ ಅಚ್ಚುಮಾಡಿಸಿದ್ದರು. ಅದು ಇಂಗ್ಲಿಷಿಗೆ ಬಂದದ್ದು 2009ರಲ್ಲಿ. ತಡವಾದದ್ದು ನಮ್ಮ ಓದು, ಅವರ ಬರವಣಿಗೆಯಲ್ಲ.

ಇನ್ನು, ಬೇಗ ಬರೆದದ್ದೇ ಹೆಚ್ಚು ನಂಬಲರ್ಹ ಎಂಬ ತಮ್ಮ ಮಾತಿಗೆ ಅರೋರಾ ಮಾರ್ಡಿಗೇನಿಯನ್ ಅವರ ಪ್ರಸಂಗವೇ ಅಡ್ಡ ಬರುತ್ತದೆ. ಮನೆಮಂದಿಯನ್ನು ಕಳೆದುಕೊಂಡು ಅಮೆರಿಕ ಸೇರಿದ ಆ ಹದಿಹರೆಯದ ಹುಡುಗಿಯ ಕಥನ 1918ರಲ್ಲೇ ಪುಸ್ತಕವಾಯಿತು. ಆದರೆ ಲೇಖನಿ ಹಿಡಿದವರು ಬೇರೆ. ಮರುವರ್ಷ ಅದನ್ನೇ ಚಲನಚಿತ್ರವಾಗಿಸಿ, ಆಕೆಯ ಪಾತ್ರವನ್ನು ಆಕೆಯಿಂದಲೇ ಮಾಡಿಸಿದರು. ಚಿತ್ರೀಕರಣದಲ್ಲಿ ಕಾಲಿನ ಮೂಳೆ ಮುರಿದರೂ ಕೆಲಸ ನಿಲ್ಲಿಸಲು ಬಿಡಲಿಲ್ಲ. (ಸಂತ್ರಸ್ತರ ನೆರವಿಗೆ ಹಣ ಕೂಡಿಸಲು ಸಂತ್ರಸ್ತೆಯನ್ನೇ ಹೀಗೆ ದುಡಿಸಿಕೊಂಡದ್ದನ್ನು ಏನೆನ್ನಬೇಕೋ ತಿಳಿಯದು.) ಆ ಚಿತ್ರದಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ಶಿಲುಬೆಗೇರಿಸಿದ ದೃಶ್ಯವೊಂದಿದೆ. ನಿಜವಾಗಿ ನಡೆದದ್ದು ಹಾಗಲ್ಲ, ಅವರನ್ನು ಶೂಲಕ್ಕೇರಿಸಿದ್ದರು, ಅದನ್ನು ಇದ್ದಂತೆಯೇ ತೋರಿಸಲು ಅಮೆರಿಕನ್ನರಿಂದ ಆಗುತ್ತಿರಲಿಲ್ಲ ಎಂದು ಆಕೆ ಇಳಿವಯಸ್ಸಿನಲ್ಲಿ ಸಿನಿಮಾ ಇತಿಹಾಸಕಾರರೊಬ್ಬರಿಗೆ ಹೇಳಿದರು. ಇಲ್ಲಿ ಘಟನೆಗೆ ಹತ್ತಿರವಿದ್ದ ದಾಖಲೆಯೇ ತಿರುಚಿದ್ದು. ಅದನ್ನು ತಿದ್ದಿದ್ದು ದಶಕಗಳ ನಂತರದ ನೆನಪು.

ತಾವು ಹೆಸರಿಸಿಯೇ ಸಂದೇಹಪಟ್ಟಿರುವ ಕಾರ್ನಿಗ್ ಪಾನಿಯನ್ ಅವರ ಪುಸ್ತಕ ಪ್ರಕಟವಾದದ್ದು 1992ರಲ್ಲಿ, ಅವರು ತೀರಿಕೊಂಡ ಮೇಲೆ. ಗಡೀಪಾರಾದಾಗ ಅವರಿಗೆ ಐದು ವರ್ಷ. ಲೆಬನಾನಿನ ಆಂತೂರಾ ಅನಾಥಾಲಯದಲ್ಲಿ ಮಕ್ಕಳ ಹೆಸರು ಕಿತ್ತು ತುರ್ಕಿ ಹೆಸರನ್ನೂ ಸಂಖ್ಯೆಯನ್ನೂ ಕೊಟ್ಟದ್ದು, ಆರ್ಮೇನಿಯನ್ ನುಡಿದರೆ ಅಂಗಾಲಿಗೆ ಹೊಡೆಯುತ್ತಿದ್ದದ್ದು, ಹಸಿವು ತಾಳಲಾರದೆ ಹುಡುಗರು ಸತ್ತ ಮಕ್ಕಳ ಮೂಳೆಗಳನ್ನು ಕುಟ್ಟಿ ತಿಂದದ್ದು ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ ಹೆಸರು ಬದಲಾಯಿಸಿದ ಸಂಗತಿಗೆ ಎದುರು ಪಾಳಯದ್ದೇ ಸಾಕ್ಷ್ಯವಿದೆ: ಅಂದು ಆ ಪ್ರಾಂತ್ಯವನ್ನು ಆಳುತ್ತಿದ್ದ ಒಟ್ಟೊಮನ್ ಸೇನಾನಿ ಜಮಾಲ್ ಪಾಷಾನ ಪರವಾಗಿ ಆ ಅನಾಥಾಲಯವನ್ನು ನೋಡಿಕೊಂಡ ತುರ್ಕಿ ಲೇಖಕಿ ಹಾಲಿದೆ ಎದೀಬ್, ಮಕ್ಕಳಿಗೆ ಮುಸ್ಲಿಂ ಹೆಸರಿಡುವುದನ್ನು ತಾವು ಆಕ್ಷೇಪಿಸಿದ್ದಾಗಿ 1926ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೂಳೆಯ ಪ್ರಸಂಗಕ್ಕೆ ಆಕೆಯ ಪುಸ್ತಕ ಒದಗುವುದಿಲ್ಲ. ಆದರೆ ಮುಂದೆ ಬೈರೂತ್‌ನ ಆರ್ಮೇನಿಯನ್ ಶಾಲೆಯಲ್ಲಿ ತಲೆಮಾರುಗಳಿಗೆ ಪಾಠ ಹೇಳಿದ ಪಾನಿಯನ್ ಮೇಷ್ಟರು, ತಾನೂ ಅದರಲ್ಲಿ ಪಾಲ್ಗೊಂಡವನೆಂದೇ ಬರೆಯುತ್ತಾರೆ. ತನ್ನನ್ನು ದೊಡ್ಡವನಾಗಿಸಿಕೊಳ್ಳಲು ಹೊರಟವನು ಕಟ್ಟುವ ಕಥೆ ಅದಲ್ಲ.

ಮಕ್ಕಳ ನೆನಪಿನಲ್ಲಿ ತಾರೀಖು, ದೂರ, ಜನಸಂಖ್ಯೆಗಳು ಕಲಸಿಹೋಗುತ್ತವೆ ಎಂಬ ತಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇವೆ. ಅವುಗಳಿಗೆ ಕಚೇರಿ ಕಡತಗಳನ್ನೂ ರಾಯಭಾರಿಗಳ ವರದಿಗಳನ್ನೂ ನೋಡಬೇಕು. ಎಲ್ಲ ಪುಸ್ತಕಗಳಿಗೂ ಒಂದೇ ಮುದ್ರೆ ಒತ್ತುವ ಟಿಪ್ಪಣಿಯನ್ನು ಮಾತ್ರ ನಾವು ಹಾಕಲಾರೆವು. ಅದರ ಬದಲು, ಮುಂದಿನ ಕಂತಿನಿಂದ ಪ್ರತಿ ಕೃತಿಯ ಹೆಸರಿನ ಜೊತೆಗೆ ಅದು ಯಾವ ಭಾಷೆಯಲ್ಲಿ, ಯಾವ ವರ್ಷ, ಯಾರ ಕೈಯಲ್ಲಿ ಬರಹವಾಯಿತು, ಆಗ ಕಥಕರ ವಯಸ್ಸೆಷ್ಟು ಎಂಬುದನ್ನು ಅಚ್ಚುಮಾಡುತ್ತೇವೆ.

— ಸಂಪಾದಕ