ರೈಫಲ್‌ಗೆ ಮನೆಯಲ್ಲೇ ಕ್ಯಾಮೊ (ಸುತ್ತಲಿನ ಗಿಡಮರಗಳಲ್ಲಿ ಕಣ್ಣಿಗೆ ಬೀಳದಂಥ ಬಣ್ಣದ ಪಟ್ಟೆ) ಸ್ಪ್ರೇ ಮಾಡಬೇಕು. ಐದು ಬಣ್ಣ ಸಾಕೇ? ಒಂದೇ ದಿನದಲ್ಲಿ ಮುಗಿಯುತ್ತಾ?

ಐದು ಡಬ್ಬಿ, ಒಂದು ರಜಾದಿನ. ನಾನೂ ಇದೇ ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಮಣ್ಣಿನ ಬಣ್ಣದ ಬೇಸ್, ಇಪ್ಪತ್ತು ನಿಮಿಷ ಬಿಟ್ಟು ಹಸಿರು. ಅಲ್ಲಿಯವರೆಗೆ ಚೆನ್ನಾಗಿತ್ತು. ಐದಾರು ಗಂಟೆ ಬೇರೆ ಕೆಲಸ ನೋಡಿಕೊಂಡು ಬಂದು ಕಂದು ಹೊಡೆದೆ. ಎರಡೇ ನಿಮಿಷ, ಕಂದು ಬಿದ್ದಲ್ಲೆಲ್ಲ ಬಣ್ಣ ಸುಕ್ಕುಗಟ್ಟಿ ಎದ್ದುಬಿಟ್ಟಿತು.

ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬಳಸಿದ್ದು ಎನಾಮಲ್ ಸ್ಪ್ರೇ, ಅಂದರೆ ಎಣ್ಣೆ ಬಣ್ಣದ ಜಾತಿಯದು. ಅದು ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಥಿನ್ನರ್ ಹಾರಿಹೋಗುತ್ತದೆ, ಮುಟ್ಟಿದರೆ ಕೈಗೆ ಅಂಟುವುದಿಲ್ಲ. ಇದನ್ನೇ ನಾವು 'ಒಣಗಿತು' ಅಂದುಕೊಳ್ಳುವುದು. ನಿಜವಾಗಿ ಗಟ್ಟಿಯಾಗುವುದು ಆಮೇಲೆ, ಗಾಳಿಯ ಆಮ್ಲಜನಕ ಹೀರಿಕೊಂಡು, ಮೇಲಿನಿಂದ ಕೆಳಕ್ಕೆ, ದಿನಗಟ್ಟಲೆ. ಆ ನಡುವಿನ ಹೊತ್ತಲ್ಲಿ ಅದು ಕೆನೆಗಟ್ಟಿದ ಹಾಲಿನ ಹಾಗೆ: ಮೇಲೆ ಪೊರೆ, ಕೆಳಗೆ ಹಸಿ. ಹೊಸ ಕೋಟಿನ ಥಿನ್ನರ್ ಪೊರೆಯೊಳಗೆ ಇಳಿದಾಗ ಅದು ಉಬ್ಬುತ್ತದೆ, ಅಕ್ಕಪಕ್ಕ ಹಿಗ್ಗಲು ಜಾಗವಿಲ್ಲದೆ ಮಡಚಿಕೊಳ್ಳುತ್ತದೆ. ಮೊದಲ ಗಂಟೆಯೊಳಗೆ ಹೊಡೆದರೆ ಎಲ್ಲವೂ ಹಸಿಯಾಗಿರುವುದರಿಂದ ಒಂದಾಗಿ ಬೆರೆಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಥಿನ್ನರ್ ಏನೂ ಮಾಡಲಾರದು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇದನ್ನೇ ಬರೆದಿರುತ್ತಾರೆ: 1 ಗಂಟೆಯೊಳಗೆ, ಇಲ್ಲವೇ 24 ಅಥವಾ 48 ಗಂಟೆಯ ನಂತರ. ಸುಕ್ಕಿನ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಲು ಹೋಗಬೇಡಿ. ತಕ್ಷಣ ಉಜ್ಜಲೂ ಆಗುವುದಿಲ್ಲ, ಎಮರಿ ಪೇಪರ್‌ಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ವಾರ ಬಿಟ್ಟು ಉಜ್ಜಿ ತೆಗೆಯಬೇಕು. ಪೇಂಟ್ ರಿಮೂವರ್ ಬಳಸಿದರೆ ಪ್ಲಾಸ್ಟಿಕ್ ಸ್ಟಾಕನ್ನೂ (ಹೆಗಲಿಗೆ ಒರಗಿಸುವ ಹಿಂಭಾಗ) ತಿನ್ನಬಹುದು. ಎನಾಮಲ್ ಮೇಲೆ ಲ್ಯಾಕರ್ (ಬೇಗ ಒಣಗುವ, ಥಿನ್ನರ್ ಇನ್ನೂ ತೀಕ್ಷ್ಣವಾಗಿರುವ ಬಣ್ಣ) ಹೊಡೆದರೂ ಇದೇ ಗತಿ. ಬೇಸಿನಿಂದ ಮ್ಯಾಟ್ ಕ್ಲಿಯರ್ (ಕೊನೆಗೆ ಹೊಡೆಯುವ, ಹೊಳಪಿಲ್ಲದ ಪಾರದರ್ಶಕ ಕೋಟ್) ತನಕ ಒಂದೇ ಕಂಪನಿಯ, ಒಂದೇ ಬಗೆಯ ಡಬ್ಬಿ ತನ್ನಿ.

ಇನ್ನು ಐದು ಬಣ್ಣ: ಬೇಡ. ಮೂರು ಸಾಕು, ಮೂರೂ ಮ್ಯಾಟ್. ಪುಟ್ಟ ಪುಟ್ಟ ಮಚ್ಚೆಗಳು ದೂರದಿಂದ ಕಲಸಿಕೊಂಡು ಒಂದೇ ಕಪ್ಪು ಕೋಲಾಗಿ ಕಾಣುತ್ತವೆ. ಕ್ಯಾಮೊ ಮಾಡಬೇಕಾದ್ದು ಬಂದೂಕಿನ ಉದ್ದನೆಯ ಗೆರೆಯನ್ನು ಮುರಿಯುವುದು, ಹಾಗಾಗಿ ಪಟ್ಟೆಗಳು ದೊಡ್ಡದಾಗಿ, ಓರೆಯಾಗಿ, ನಳಿಗೆಯಿಂದ ಸ್ಟಾಕಿಗೆ ದಾಟಲಿ. ತಿಳಿ ಬಣ್ಣ ಮೊದಲು, ಗಾಢ ಕೊನೆಗೆ. ಅಚ್ಚಿನ ಹಾಗೆ ಎಲೆಯನ್ನು ಅಡ್ಡ ಹಿಡಿದು ಹೊಡೆಯುವುದಾದರೆ, ಬಂದೂಕಿಗೆ ತಾಗಿಸಿ ಹಿಡಿದರೆ ಅಂಚು ಚೂಪು, ಎರಡು ಸೆಂಟಿಮೀಟರ್ ದೂರ ಹಿಡಿದರೆ ಮಸುಕು. ಮಸುಕೇ ಚೆಂದ.

ಆದರೆ ಡಬ್ಬಿ ಮುಟ್ಟುವ ಮೊದಲು ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ), ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ತೆಗೆಯಿರಿ. ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯಿದೆಯೇ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡು ಸಲ ಒರೆಸಿ. ಅಸಿಟೋನ್ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸ್ಕ್ರೂ ತಲೆ, ಪಿನ್ನಿನ ಸಂದುಗಳಲ್ಲಿ ಎಣ್ಣೆ ಉಳಿದಿರುತ್ತದೆ, ಇಯರ್ ಬಡ್ ಹಾಕಿ ತೆಗೆಯದಿದ್ದರೆ ಬಣ್ಣ ಅಲ್ಲಿಂದಲೇ ಏಳುತ್ತದೆ. ಆಮೇಲೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸ್ಟಾಕಿನ ಹೊಳಪು ಹೋಗುವಷ್ಟು ಮಾತ್ರ 400 ನಂಬರ್ ಎಮರಿ ಸಾಕು.

ಸ್ಕೋಪಿನ (ಗುರಿ ನೋಡುವ ದುರ್ಬೀನು) ಗಾಜು, ಟರೆಟ್ (ಗುರಿ ಹೊಂದಿಸುವ ತಿರುಗುಗುಂಡಿ) ಗುರುತು, ಟ್ರಿಗರ್, ಸೇಫ್ಟಿ, ಖೋಕಾ (ಹಾರಿಸಿದ ಗುಂಡಿನ ಖಾಲಿ ಚಿಪ್ಪು) ಹೊರಬರುವ ಕಿಂಡಿ, ಇವಕ್ಕೆಲ್ಲ ಮಾಸ್ಕಿಂಗ್ ಟೇಪ್. ಸೀರಿಯಲ್ ನಂಬರ್ ಮೇಲೆ ಒಂದು ಹನಿಯೂ ಬೀಳಬಾರದು, ಆ ನಂಬರ್ ಓದಲಾಗದಿದ್ದರೆ ಕಾನೂನಿನ ತೊಂದರೆ. ನಳಿಗೆಯ ಬಾಯಿಗೆ ಫೋಮ್ ಇಯರ್‌ಪ್ಲಗ್ ಸರಿಯಾಗಿ ಕೂರುತ್ತದೆ.

ಬಯಲಲ್ಲಿ, ಆವಿ ತಡೆಯುವ ಮಾಸ್ಕ್ ಹಾಕಿಕೊಂಡು, 25ರಿಂದ 30 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ನಾಝಲ್ ಒತ್ತುವುದು ಬಂದೂಕಿನ ಆಚೆ, ಬಿಡುವುದೂ ಆಚೆ, ಇಲ್ಲದಿದ್ದರೆ ತುದಿಯಲ್ಲಿ ಬಣ್ಣ ಸೋರುತ್ತದೆ. ಕೊನೆಯ ಕೋಟ್ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಟೇಪ್ ಕಿತ್ತುಬಿಡಿ. ಪೂರ್ತಿ ಗಟ್ಟಿಯಾದ ಮೇಲೆ ಕಿತ್ತರೆ ಅಂಚು ಚಕ್ಕೆಯಾಗಿ ಏಳುತ್ತದೆ. ಒಂದು ವಾರ ಎಣ್ಣೆ, ಸಾಲ್ವೆಂಟ್ ತಾಗಿಸಬೇಡಿ.

ಬೋಲ್ಟ್ ವಾಪಸ್ ಹಾಕುವ ಮೊದಲು ನಳಿಗೆಯ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಇಯರ್‌ಪ್ಲಗ್ ಒಳಗೇ ಇದ್ದು ಗುಂಡು ಹಾರಿದರೆ ನಳಿಗೆ ಸೀಳಬಹುದು.