ಎಂಟು ಕತ್ತಿಗಳ ನಡುವಿನ ಹೆಂಗಸು: ಡೊಂಬಿವಲಿಯ ಒಂದು ಪ್ರಕರಣ

(ಹೆಸರು, ಊರು, ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುನಂದಾಗೆ 37 ವರ್ಷ. ತವರು ಗದಗ ಕಡೆ, ಮದುವೆಯಾಗಿ ಮುಂಬೈ ಬಳಿಯ ಡೊಂಬಿವಲಿಗೆ ಬಂದವರು. ಎಂ.ಕಾಂ. ಓದಿ ಲೆಕ್ಕಪತ್ರದ ಕೆಲಸದಲ್ಲಿದ್ದರು, ಮಗ ಹುಟ್ಟಿದ ಮೇಲೆ ಬಿಟ್ಟರು. ಆಮೇಲೆ ಅತ್ತೆಗೆ ಪಾರ್ಶ್ವವಾಯು. ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ ಎಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು. ಕೂತವರೇ ಮೊಬೈಲ್ ತೆಗೆದು 'ಎಂಟು ಕತ್ತಿಗಳು' (ಏಟ್ ಆಫ್ ಸೋರ್ಡ್ಸ್) ಎಂಬ ಟ್ಯಾರೋ ಕಾರ್ಡ್, ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆ, ತೋರಿಸಿದರು. ವಾಟ್ಸ್‌ಆ್ಯಪ್‌ನಲ್ಲಿ ಭವಿಷ್ಯ ಹೇಳುವವರೊಬ್ಬರು, "ಮತ್ತೆ ಇದೇ ಬಂತು, ನೀವು ಬಂಧನದಲ್ಲಿದ್ದೀರಿ, ಯಾವ ಹೆಜ್ಜೆಯನ್ನೂ ಇಡಬೇಡಿ" ಎಂದು ಪರಿಹಾರಕ್ಕೆ ದುಡ್ಡು ಕೇಳಿದ್ದರಂತೆ.

"ಮೇಡಂ, ಇದರಾಗ ನಿಂತಾಕಿ ನಾನ ಅದೀನ್ರಿ."

ಚಿತ್ರಕ್ಕೆ ಹೋಗುವ ಮೊದಲು ಕೇಳಲೇಬೇಕಾದ್ದನ್ನು ನೇರವಾಗಿ ಕೇಳಿದೆ: ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಸಾಯುವ ಯೋಚನೆ ಬಂದಿದೆಯೇ? ಎರಡೂ ಇರಲಿಲ್ಲ. ಡಾಕ್ಟರ ಬಳಿ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಕೊಳ್ಳಲು ಹೇಳಿದೆ. ರಾತ್ರಿ ಗಾಬರಿ ಹೆಚ್ಚಾದರೆ 14416ಕ್ಕೆ ಫೋನ್ ಮಾಡಬಹುದು ಎಂದೆ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ.

ಕಾರ್ಡಿನ ಮಾತು ದೈವದ ಮಾತೆಂದು ಅವರು ನಂಬಿದ್ದರು. ಟ್ಯಾರೋ 15ನೇ ಶತಮಾನದ ಇಟಲಿಯಲ್ಲಿ ಬರೀ ಇಸ್ಪೀಟಿನಂಥ ಆಟವಾಗಿತ್ತು, ಅದರಲ್ಲಿ ಭವಿಷ್ಯ ಹೇಳುವುದು ಹಬ್ಬಿದ್ದು 18ನೇ ಶತಮಾನದ ಫ್ರಾನ್ಸ್‌ನಲ್ಲಿ ಎಂದು ತಿಳಿಸಿದೆ. ಅವರ ಮೊಬೈಲಿನಲ್ಲಿದ್ದ ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದದ್ದು. ಗೂಢವಿದ್ಯೆಯ ಲೇಖಕ ಎ. ಇ. ವೇಟ್ ಅವರ ಸೂಚನೆಯಂತೆ ಆಕೆ ಬರೆದ 78 ಎಲೆಗಳ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಈ ಎಲೆಯ ಬಗ್ಗೆ ವೇಟ್ ಅವರೇ, ಇದು ತಾತ್ಕಾಲಿಕ ಸೆರೆ, ಬಿಡಿಸಿಕೊಳ್ಳಲಾಗದ ಬಂಧನವಲ್ಲ ಎಂದು ವಿವರಿಸಿದ್ದಾರೆ. ಅದನ್ನು ಕೇಳಿ ಸುನಂದಾ ಸ್ವಲ್ಪ ನೆಟ್ಟಗೆ ಕೂತರು.

"ಈಗ ಏನೇನು ಕಾಣುತ್ತದೆ, ನೀವೇ ಹೇಳಿ" ಎಂದೆ.

ಕಣ್ಣಿಗೆ ಬಟ್ಟೆ. ಮೈಗೆ ಸುತ್ತಿದ ಪಟ್ಟಿ. ಪಕ್ಕದಲ್ಲಿ, ಬೆನ್ನ ಹಿಂದೆ ನೆಲಕ್ಕೆ ನಾಟಿದ ಕತ್ತಿಗಳು. ದೂರದ ಬಂಡೆಯ ಮೇಲೆ ಕೋಟೆ. ಕಾಲ ಬುಡದಲ್ಲಿ ನೀರು, ರಾಡಿ. ಆಮೇಲೆ ಬೆರಳಿಂದ ಚಿತ್ರ ಹಿಗ್ಗಿಸಿ, "ಕಾಲು ಕಟ್ಟಿಲ್ಲಲ್ರಿ! ಮುಂದ ಕತ್ತಿನೂ ಇಲ್ಲ."

ಇಲ್ಲಿ ಬಹಳ ಜನ, "ನೋಡಿ, ಬಂಧನವೆಲ್ಲ ನಿಮ್ಮ ಮನಸ್ಸಿನದು" ಎಂದುಬಿಡುತ್ತಾರೆ. ಹಾಗನ್ನುವುದು ಕ್ರೌರ್ಯ ಎಂದೇ ನನ್ನ ಅಭಿಪ್ರಾಯ. ಹಾಸಿಗೆ ಹಿಡಿದ ಅತ್ತೆ ಮನಸ್ಸಿನ ಕಲ್ಪನೆಯೇ? ಬೆಳಗಿನ ಡೊಂಬಿವಲಿ ಲೋಕಲ್ ರೈಲು ಕಲ್ಪನೆಯೇ? ಕತ್ತಿ (ನಿಜವಾದ ಅಡ್ಡಿ) ಯಾವುದು, ಕಣ್ಣುಪಟ್ಟಿ (ನೋಡದೆ, ಕೇಳದೆ ಇರುವುದು) ಯಾವುದು ಎಂದು ಬೇರೆ ಮಾಡಿ ಬರೆಯಲು ಒಂದು ಹಾಳೆ ಕೊಟ್ಟೆ. ಅತ್ತೆಯ ಆರೈಕೆ, ಮನೆ ಸಾಲ, ಮಗನ ಶಾಲೆಯ ಹೊತ್ತು ಕತ್ತಿಯ ಕಡೆಗೆ ಬಂದವು. "ಇಷ್ಟು ವರ್ಷ ಬಿಟ್ಟವಳಿಗೆ ಯಾರು ಕೆಲಸ ಕೊಡುತ್ತಾರೆ" ಎಂಬುದನ್ನೂ ಅಲ್ಲೇ ಬರೆದರು. ಯಾರನ್ನು ಕೇಳಿದಿರಿ ಎಂದೆ. ಯಾರನ್ನೂ ಕೇಳಿರಲಿಲ್ಲ. ಸಾಲ ಎಷ್ಟು ಉಳಿದಿದೆ ಎಂದೆ. ಅದೂ ಗೊತ್ತಿಲ್ಲ. ಗಂಡನ ಸಂಬಳ ಎಷ್ಟೆಂದೂ ಸರಿಯಾಗಿ ಗೊತ್ತಿರಲಿಲ್ಲ. ಲೆಕ್ಕ ಓದಿದ ಹೆಣ್ಣುಮಗಳು!

ನಾನು ಕೊಟ್ಟ ಸಲಹೆ ಇಷ್ಟೇ. ಕೆಲಸ, ಜಗಳ, ತವರು ಯಾವುದರ ನಿರ್ಧಾರವೂ ಈಗ ಬೇಡ; ಮೊದಲು ಕಣ್ಣುಪಟ್ಟಿ ಬಿಚ್ಚಿ. ಯಜಮಾನರ ಜತೆ ಕೂತು ಬ್ಯಾಂಕಿನ ಕಾಗದ ನೋಡಿ. ಅತ್ತೆಯನ್ನು ಅರ್ಧ ದಿನ ನೋಡಿಕೊಳ್ಳುವ ಮಾವಶಿಗೆ (ಮನೆಗೆ ಬಂದು ಕೆಲಸ ಮಾಡುವ ಹೆಂಗಸಿಗೆ) ಎಷ್ಟು ಕೊಡಬೇಕೆಂದು ಬಿಲ್ಡಿಂಗಿನಲ್ಲೇ ವಿಚಾರಿಸಿ. ಲೋಕಲ್ ಹತ್ತದೆ ನಡೆದು ಹೋಗುವಷ್ಟು ದೂರದಲ್ಲಿ ಲೆಕ್ಕದ ಕೆಲಸ ಇದೆಯೇ ಕೇಳಿ. ಪರಿಹಾರದ ದುಡ್ಡು ಕಳಿಸಬೇಡಿ, ಆ ನಂಬರ್ ಬ್ಲಾಕ್ ಮಾಡಿ.

ಮುಂದಿನ ಭೇಟಿಗೆ ಪತಿಯನ್ನೂ ಕರೆತಂದರು. "ಸಾಲದ ಚಿಂತೆ ಇವಳಿಗ್ಯಾಕೆ ಅಂತ ನಾನೇ ಹೇಳಿರಲಿಲ್ಲ ಮೇಡಂ" ಎಂದರು ಅವರು. ಸುನಂದಾ ಈಗ ಮನೆ ಹತ್ತಿರದ ಸಿಎ ಒಬ್ಬರ ಬಳಿ ಮಧ್ಯಾಹ್ನದವರೆಗೆ ಜಿಎಸ್‌ಟಿ ಕೆಲಸ ನೋಡುತ್ತಾರೆ. ಸಂಬಳದ ಹೆಚ್ಚು ಪಾಲು ಮಾವಶಿಗೇ ಹೋಗುತ್ತದೆ. ಅತ್ತೆ ಹಾಗೇ ಇದ್ದಾರೆ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ, ಭೇಟಿಗಳನ್ನು ಮುಂದುವರಿಸಿದ್ದೇವೆ.